ಊಟ ಮುಗಿಸದ ಸಂಸಾರಗಳು

ಸಿನಿಮಾದಲ್ಲಿ ಒಂದು ಸಂಸಾರ ಸುಖವಾಗಿದೆ ಎಂದು ತೋರಿಸಬೇಕಾದರೆ ನಿರ್ದೇಶಕರು ಮೊದಲು ಮಾಡುವ ಕೆಲಸ ಎಲ್ಲರನ್ನೂ ಊಟಕ್ಕೆ ಕೂರಿಸುವುದು. ಆ ಸಂಸಾರ ಒಡೆಯಿತು ಎಂದು ತೋರಿಸಲು ಅದೇ ಊಟದಿಂದ ಒಬ್ಬರನ್ನು ಎಬ್ಬಿಸುವುದು. ಹೀಗೆ ಕೂರಿಸಿ ಎಬ್ಬಿಸಿ ನಮ್ಮ ಚಿತ್ರರಂಗ ಎಷ್ಟು ಅನ್ನ ದಂಡ ಮಾಡಿದೆಯೋ ಲೆಕ್ಕವಿಲ್ಲ. ಹುಳಿ ಬಡಿಸುವಷ್ಟರಲ್ಲಿ ಯಾರಾದರೂ ಹಂಗಿಸುತ್ತಾರೆ. ಹಂಗಿಸಿಕೊಂಡವರು ಬಾಯಿ ಹತ್ತಿರ ಬಂದ ತುತ್ತನ್ನು ತಟ್ಟೆಗೆ ಹಾಕಿ, ಕೈ ತೊಳೆದು ಹೊರಡುತ್ತಾರೆ. ತೆರೆಯ ಮೇಲೆ ಮಜ್ಜಿಗೆ ಅನ್ನದ ತನಕ ತಲುಪಿದ ಊಟಗಳನ್ನು ಬೆರಳಲ್ಲಿ ಎಣಿಸಬಹುದು.

ನಮ್ಮ ಮನೆಗಳಲ್ಲಿ ಮಾತು ಬಿಟ್ಟವರೂ ಅನ್ನ ಬಿಡುವುದಿಲ್ಲ. 'ನಿಮ್ಮಪ್ಪಂಗೆ ಹೇಳು, ಸಾರು ಆರ್ತಾ ಇದೆ' ಎಂದು ಅಮ್ಮ ಅಡುಗೆಮನೆಯಿಂದ ಕೂಗುತ್ತಾಳೆ. ಅಪ್ಪ ಮೂರಡಿ ದೂರದಲ್ಲೇ ಇದ್ದಾರೆ, ಕೇಳಿಸಿದೆ. ಆದರೂ ಮಗ ಹೋಗಿ 'ಸಾರು ಆರ್ತಾ ಇದೆಯಂತೆ' ಎನ್ನಬೇಕು. 'ಪೇಪರ್ ಓದಿ ಬರ್ತೀನಂತ ಹೇಳು' ಎಂಬ ಉತ್ತರವನ್ನು ಹೊತ್ತು ವಾಪಸ್ ಬರಬೇಕು. ನಡುವೆ ಒಬ್ಬ ರಾಯಭಾರಿಯನ್ನಿಟ್ಟುಕೊಂಡು ಮಾತಾಡುವ ಈ ಪದ್ಧತಿ ಸಿನಿಮಾದವರಿಗೆ ಒಗ್ಗುವುದಿಲ್ಲ. ಅಲ್ಲಿ ಎಲ್ಲರೂ ಎದುರೆದುರು ನಿಂತು, ವ್ಯಾಕರಣ ತಪ್ಪದೆ, 'ಈ ಮನೆಗಾಗಿ ನನ್ನ ಜೀವನವನ್ನೇ ಮುಡಿಪಾಗಿಟ್ಟೆ' ಎನ್ನುತ್ತಾರೆ. ನಮ್ಮಲ್ಲಿ ಮುಡಿಪಾಗಿಟ್ಟವರು ಅದನ್ನು ದಿನಾ ಬೇರೆ ರೀತಿಯಲ್ಲಿ ಹೇಳುತ್ತಿರುತ್ತಾರೆ: 'ಫ್ಯಾನ್ ಸ್ವಿಚ್ ಆರಿಸೋಕೂ ನಾನೇ ಬರಬೇಕಾ ಈ ಮನೇಲಿ?'

ಮುಡಿಪಿನ ವಿಷಯದಲ್ಲಿ ಅಣ್ಣಾವ್ರಿಗೆ ಸಮ ಯಾರಿದ್ದಾರೆ. 1972ರ 'ಬಂಗಾರದ ಮನುಷ್ಯ'ದ ರಾಜೀವ, ಭಾವನನ್ನು ಕಳೆದುಕೊಂಡ ಅಕ್ಕನ ಮನೆಗೆ ಬಂದು, ಕಲ್ಲುನೆಲ ಹಸನು ಮಾಡಿ, ಸೋದರಳಿಯರನ್ನು ದಡ ಮುಟ್ಟಿಸಿ, ಕೊನೆಗೆ ಅವರಲ್ಲೊಬ್ಬನ ಮಾತು ತಾಗಿ ತಾನೇ ಎತ್ತಿ ನಿಲ್ಲಿಸಿದ ಮನೆಯಿಂದ ಹೊರಟುಹೋಗುತ್ತಾನೆ. ಆ ಚಿತ್ರ ನೋಡಿ ಪೇಟೆ ಬಿಟ್ಟು ಬೇಸಾಯಕ್ಕೆ ಮರಳಿದವರ ಕಥೆಗಳನ್ನು ಈಗಲೂ ಹೇಳುತ್ತಾರೆ. ಸೋದರಳಿಯಂದಿರು ಸುಧಾರಿಸಿದ ಕಥೆ ಮಾತ್ರ ನನ್ನ ಕಿವಿಗೆ ಬಿದ್ದಿಲ್ಲ. 2000ದಲ್ಲಿ 'ಯಜಮಾನ' ಬಂತು. ತಮ್ಮಂದಿರಿಗಾಗಿ ಬದುಕು ತೇಯ್ದ ಅಣ್ಣನಾಗಿ ವಿಷ್ಣುವರ್ಧನ್ ಊರೂರಿನ ಟಾಕೀಸುಗಳನ್ನು ಅಳಿಸಿದರು. ಆ ಅಣ್ಣನಿಗೆ ಕಣ್ಣೀರು ಹಾಕಿ, ಸೋಮವಾರ ಕೋರ್ಟಿಗೆ ಪಾಲಿನ ದಾವೆಗೆಂದು ಹೋದವರು ನಮ್ಮ ಬಳಗದಲ್ಲೇ ಇದ್ದಾರೆ. ಅದನ್ನು ಬೂಟಾಟಿಕೆ ಎನ್ನಲಾರೆ. ಅಂಥ ಅಣ್ಣ ತಮಗೆ ಸಿಗಲಿಲ್ಲವಲ್ಲ ಎಂಬ ಸಂಕಟ ನಿಜವಾದದ್ದೇ. ಅಂಥ ಅಣ್ಣ ತಾವೇ ಆಗಬಹುದಿತ್ತು ಎಂದು ಹೊಳೆಯುವುದಿಲ್ಲ, ಅಷ್ಟೆ.

ತಾಯಂದಿರದ್ದು ಇನ್ನೊಂದು ಕಥೆ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರರಿಗೆ ಹೆಂಡತಿಯಾಗಿದ್ದ ಪಂಢರಿಬಾಯಿ ಮುಂದೆ ಅವರಿಗೇ ತಾಯಿಯಾದರು. ಈ ಬಡ್ತಿ ನಾಯಕರಿಗೆ ಯಾಕೆ ಸಿಗುವುದಿಲ್ಲವೋ!

ಧಾರಾವಾಹಿ ಮನೆಯ ಊಟದ ಮೇಜನ್ನು ಒಮ್ಮೆ ಗಮನಿಸಿ ನೋಡಿ. ಎಂಟು ಜನ ಕೂರಬಹುದಾದ ಮೇಜಿನ ಒಂದು ಬದಿ ಸಾಮಾನ್ಯವಾಗಿ ಖಾಲಿ. ಅದು ಕ್ಯಾಮೆರಾದ ಜಾಗ, ಅಂದರೆ ನಮ್ಮದು. ಅವರಿಗೂ ತಿನ್ನುವ ಆಸೆ ಇದ್ದೀತು ಪಾಪ. ಆದರೆ ಒಂದೇ ದೃಶ್ಯವನ್ನು ನಾಲ್ಕು ಕಡೆಯಿಂದ ತೆಗೆಯುವಾಗ ತಟ್ಟೆಯ ಅನ್ನ ಒಂದು ಶಾಟಿನಲ್ಲಿ ಗುಡ್ಡೆಯಾಗಿದ್ದು ಮರುಕ್ಷಣ ಕರಗಿಹೋದರೆ ಎಡಿಟಿಂಗಿನಲ್ಲಿ ಹೊಂದುವುದಿಲ್ಲ. ಹಾಗಾಗಿ ಎಲ್ಲರೂ ಬೆರಳಲ್ಲಿ ಅನ್ನ ಕಲೆಸುತ್ತ, ಅತ್ತೆಯ ಡೈಲಾಗು ಮುಗಿಯಲೆಂದು ಕಾಯುತ್ತಿರುತ್ತಾರೆ. ಇತ್ತ ಖಾಲಿ ಬದಿಯಲ್ಲಿ ಕೂತ ನಾವೋ, ತೊಡೆ ಮೇಲೆ ತಟ್ಟೆ ಇಟ್ಟುಕೊಂಡು, ಮನೆಮಂದಿಯೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ, ಸೊಸೆಯ ಗುಟ್ಟು ಬಯಲಾಗುವ ಹೊತ್ತಿಗೆ ಸರಿಯಾಗಿ ಹಪ್ಪಳ ಮುರಿದವರನ್ನು ಗದರುತ್ತ ಗಡದ್ದಾಗಿ ಉಣ್ಣುತ್ತೇವೆ. ಊಟ ಮಾಡದ ಆ ಕುಟುಂಬ ಇಲ್ಲದಿದ್ದರೆ ನಾವೆಲ್ಲ ಒಟ್ಟಿಗೆ ಕೂತು ಊಟ ಮಾಡುತ್ತಲೇ ಇರಲಿಲ್ಲವೇನೋ. 'ಪುಟ್ಟಕ್ಕನ ಮಕ್ಕಳು' ನೋಡುವಾಗ ಸ್ವಲ್ಪ ಸಮಾಧಾನವಾಗುತ್ತಿತ್ತು. ಗಂಡ ಬಿಟ್ಟುಹೋದ ಉಮಾಶ್ರೀಯವರ ಪುಟ್ಟಕ್ಕ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಅನ್ನವೇ ಹೊಟ್ಟೆಪಾಡಾದ ಮನೆಯಲ್ಲಿ ಅದನ್ನು ತಳ್ಳಿ ಏಳುವುದು ಅಷ್ಟು ಸಲೀಸಲ್ಲ.

ಊಟದಿಂದಲೇ ಸಂಸಾರವನ್ನು ಬೇರೆ ಥರ ತೋರಿಸಿದವರೂ ಇದ್ದಾರೆ. ವಿವೇಕ ಶಾನಭಾಗರ 'ಘಾಚರ್ ಘೋಚರ್'ನಲ್ಲಿ ದುಡಿಯುವ ಚಿಕ್ಕಪ್ಪನಿಗೆ ಮನೆಯವರ ಉಪಚಾರವೋ ಉಪಚಾರ. ಅವನಿಗೆ ಇಷ್ಟವೆಂದು ಬೇಳೆಯ ಅಡುಗೆ ಮಾಡಿ ತಂದ ಹೆಂಗಸೊಬ್ಬಳನ್ನು ಮನೆಯ ಹೆಂಗಸರು ಬೈದು ಅಟ್ಟುತ್ತಾರೆ, ತಂದದ್ದು ಬೀದಿಯಲ್ಲಿ ಚೆಲ್ಲುತ್ತದೆ. ಒಗ್ಗಟ್ಟು ಎನ್ನುವುದು ಇಷ್ಟು ಹೆದರಿಕೆ ಹುಟ್ಟಿಸಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. 2016ರಲ್ಲಿ ತೆರೆಕಂಡ ರಾಮ್ ರೆಡ್ಡಿಯವರ 'ತಿಥಿ'ಯಲ್ಲಿ ಒಗ್ಗಟ್ಟಿನ ಸೋಂಕೇ ಇಲ್ಲ. ಮಂಡ್ಯ ಸೀಮೆಯ ಹಳ್ಳಿಯವರೇ ಅಭಿನಯಿಸಿದ ಚಿತ್ರ ಅದು. 101 ವರ್ಷದ ಸೆಂಚುರಿ ಗೌಡ ಸತ್ತರೆ ಮಗ ಗಡ್ಡಪ್ಪನಿಗೆ ಅಳುವೂ ಇಲ್ಲ, ಆತುರವೂ ಇಲ್ಲ. ಮೊಮ್ಮಗ ತಮ್ಮಣ್ಣ ಜಮೀನು ಮಾರಲು ಬದುಕಿರುವ ಅಪ್ಪನನ್ನೇ ಕಾಗದದಲ್ಲಿ ಸಾಯಿಸುತ್ತಾನೆ. ಮರಿಮಗ ಕುರಿ ಕಾಯುವ ಹುಡುಗಿಯ ಹಿಂದೆ. ಯಾರೂ ಯಾರಿಗೂ ಭಾಷಣ ಬಿಗಿಯುವುದಿಲ್ಲ. ಅವರ ಮನೆ ನನಗೆ ಪಕ್ಕದ ಮನೆಯಂತೆ ಕಂಡದ್ದು ಅದಕ್ಕೇ. ಹನ್ನೊಂದನೇ ದಿನದ ಬಾಡೂಟಕ್ಕೆ ಮಾತ್ರ ಊರಿಗೆ ಊರೇ ಬರುತ್ತದೆ. ಅಣ್ಣ ತಮ್ಮಂದಿರ ತ್ಯಾಗದಿಂದ ಆಗದ ಪಂಕ್ತಿ ಸತ್ತವನ ಹೆಸರಲ್ಲಿ ಆಗುತ್ತದೆ.

ಕೌಟುಂಬಿಕ ಚಿತ್ರಗಳ ಮೇಲೆ ನಮ್ಮತ್ತೆಯ ತಕರಾರೇ ಬೇರೆ. ಮೊನ್ನೆ ಟೀವಿಯಲ್ಲಿ ದೊಡ್ಡ ಅವಿಭಕ್ತ ಕುಟುಂಬವೊಂದು ಬಾಳೆಲೆ ಹಾಕಿ ಕೂತಿತ್ತು. 'ಅಷ್ಟು ಜನಕ್ಕೆ ಬೇಯಿಸಿದ ಪಾತ್ರೆಗಳನ್ನ ಯಾರು ಉಜ್ಜಿದ್ರು? ತೋರಿಸ್ಲೇ ಇಲ್ಲ' ಎಂದರು. ಯೋಚಿಸಿದರೆ ಹೌದು. ತೆರೆಯ ಮೇಲೆ ಸೊಸೆ ಪಾತ್ರೆ ಉಜ್ಜಿದರೆ ಅದು ಅತ್ತೆಯ ಕಾಟ, ಹಿನ್ನೆಲೆಯಲ್ಲಿ ಪಿಟೀಲು. ನಾಯಕ ಉಜ್ಜಿದರೆ ಕಾಮಿಡಿ. ಊಟ ಆಯಿತು ಎಂಬ ಒಂದೇ ಕಾರಣಕ್ಕೆ ಯಾರೋ ಒಬ್ಬರು ತೊಳೆದು ಬೋರಲು ಹಾಕಿದ್ದನ್ನು ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು? ಅದನ್ನೇ ಅವರಿಗೂ ಹೇಳಿದೆ.

'ಅಡುಗೆಮನೆಗೆ ಹೋಗು' ಎಂದರು, ಟೀವಿಯಿಂದ ಕಣ್ಣು ತೆಗೆಯದೆ.