ಸಾಯದ ಟರ್ಬೊಗೆ ಅತ್ತ ಕಥೆ

ಏರುರಸ್ತೆಯಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಹೊರಟು, ಅದರ ಅರ್ಧದಷ್ಟು ಉದ್ದವನ್ನು ದಾಟಿದ್ದಾಗ, ನನ್ನ ಡೀಸೆಲ್ ಕಾರು ಇದ್ದಕ್ಕಿದ್ದಂತೆ ಕೈಚೆಲ್ಲಿತು. ಆಕ್ಸಿಲರೇಟರನ್ನು ಎಷ್ಟು ತುಳಿದರೂ ವೇಗ ಏರಲೊಲ್ಲದು. ಎದುರಿಗೆ ಹಳದಿ ದೀಪವೊಂದು ಹತ್ತಿ ಕುಳಿತಿತ್ತು. ತೆಪ್ಪಗೆ ಹಿಂದೆ ಸರಿದ ನನ್ನನ್ನು ಲಾರಿಯ ಚಾಲಕ ಮೇಲಿನಿಂದ ನೋಡಿದ ನೋಟದಲ್ಲಿ ಸಿಟ್ಟಿಗಿಂತ ಕನಿಕರವೇ ಹೆಚ್ಚಿತ್ತು.

ಎಂಜಿನ್ನಿನ ಕಂಪ್ಯೂಟರಿಗೆ ಏನಾದರೂ ಅನುಮಾನ ಬಂದರೆ ಅದು ತಾನಾಗಿಯೇ ಶಕ್ತಿಯನ್ನು ಕುಗ್ಗಿಸಿ ಗಾಡಿಯನ್ನು ಕುಂಟಿಸುತ್ತದೆ. ಇದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ. ಕುಂಟುತ್ತಲೇ ಮನೆ ಸೇರಿದ ನಾನು, ಗ್ಯಾರೇಜಿಗೆ ಹೋಗುವ ಬದಲು ತಪಾಸಣೆಗೆ ಸ್ವತಃ ಇಳಿದೆ. ಹಿಂದಿನ ಭಾನುವಾರವಷ್ಟೇ ಏರ್ ಫಿಲ್ಟರನ್ನು ನನ್ನ ಕೈಯಾರೆ ಬದಲಾಯಿಸಿ, ಮನೆಮಂದಿಯಿಂದೆಲ್ಲ ಭೇಷ್ ಎನಿಸಿಕೊಂಡಿದ್ದೆನಾದ್ದರಿಂದ ಆತ್ಮವಿಶ್ವಾಸಕ್ಕೆ ಕೊರತೆಯಿರಲಿಲ್ಲ.

ಸ್ನೇಹಿತರೊಬ್ಬರ ಸ್ಕ್ಯಾನರನ್ನು ಸಿಕ್ಕಿಸಿದಾಗ ಪಿ0299 ಎಂಬ ಕೋಡ್ ಬಂತು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಬ ಭಾಗ, ತುಂಬಬೇಕಾದಷ್ಟು ಒತ್ತಡದಲ್ಲಿ ಗಾಳಿ ತುಂಬುತ್ತಿಲ್ಲ ಎಂದು ಅದರ ಅರ್ಥ. ಕಳ್ಳತನವಾಗಿದೆ ಎಂದು ಅದು ಹೇಳೀತೇ ಹೊರತು ಕಳ್ಳ ಯಾರೆಂದು ಹೇಳುವುದಿಲ್ಲ. ನಾನು ಮಾತ್ರ ತಡಮಾಡದೆ ಟರ್ಬೊವನ್ನೇ ಕಟಕಟೆಗೆ ತಂದು ನಿಲ್ಲಿಸಿದೆ.

ಎಂಜಿನ್ ತಣ್ಣಗಾದ ಮೇಲೆ ಗಾಳಿಯ ಕೊಳವೆಯನ್ನು ಕಳಚಿ ಒಳಗೆ ಬೆರಳು ತೂರಿಸಿದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತಬಲ್ಲ ಆ ಪುಟ್ಟ ಚಕ್ರ, ಅಲ್ಲಾಡಿಸಿದರೆ ಕೂದಲೆಳೆಯಷ್ಟು ಅತ್ತಿತ್ತ ಆಡಿತು. ಕೊಳವೆಯ ಗೋಡೆಗೆ ಎಣ್ಣೆಯ ಜಿಡ್ಡೂ ಮೆತ್ತಿತ್ತು. ಬೇರಿಂಗ್ ಸವೆದಿದೆ, ಸೀಲ್ ಸೋರಿದೆ, ಕಥೆ ಮುಗಿದಿದೆ ಎಂದು ಮನೆಯವರಿಗೆಲ್ಲ ಗಂಭೀರವಾಗಿ ತಿಳಿಸಿದೆ. ಹೊಸ ಟರ್ಬೊದ ಬೆಲೆಯನ್ನು ಕೇಳಿಸಿಕೊಂಡ ಹೆಂಡತಿ, ಕಾಯಿಲೆ ಗಾಡಿಗೋ ನಿಮಗೋ ಎಂದಷ್ಟೇ ಕೇಳಿದಳು.

ಮರುದಿನ ಮೆಕ್ಯಾನಿಕ್ ನನ್ನ ಮರಣೋತ್ತರ ವರದಿಯನ್ನು ತಾಳ್ಮೆಯಿಂದ ಆಲಿಸಿದರು. ಆ ಚಕ್ರವನ್ನು ಹೊತ್ತ ದಂಡ ತೇಲುವುದೇ ಎಣ್ಣೆಯ ತೆಳುಪದರದ ಮೇಲೆ. ಎಂಜಿನ್ ನಿಂತಿರುವಾಗ ಎಣ್ಣೆಯ ಒತ್ತಡವೇ ಇರುವುದಿಲ್ಲವಾದ್ದರಿಂದ ಅಡ್ಡಕ್ಕೆ ತುಸು ಆಡುವುದು ಸಹಜ, ಹಿಂದೆ ಮುಂದೆ ಆಡಿದರೆ ಅಥವಾ ರೆಕ್ಕೆ ಗೋಡೆಗೆ ಉಜ್ಜಿದರೆ ಮಾತ್ರ ಹೆದರಬೇಕು ಎಂದರು. ಜಿಡ್ಡು ಎಂಜಿನ್ನಿನ ಉಸಿರುಕೊಳವೆಯಿಂದಲೂ ಬರುತ್ತದಂತೆ. ಟರ್ಬೊದಿಂದ ಎಣ್ಣೆ ನಿಜವಾಗಿಯೂ ಸೋರಿ ಉರಿಯುತ್ತಿದ್ದರೆ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಬೇಕಿತ್ತು. ಅದನ್ನು ನೋಡಿದಿರಾ ಎಂದು ಕೇಳಿದರು. ನಾನು ನೋಡಿರಲಿಲ್ಲ. ಹೊಗೆಯನ್ನು ನೋಡಬೇಕೆಂದೇ ನನಗೆ ಹೊಳೆದಿರಲಿಲ್ಲ.

ಆಮೇಲೆ ಅವರು ಟರ್ಬೊದ ಪಕ್ಕದಲ್ಲಿದ್ದ, ಡಬ್ಬಿಯಂಥ ಆಕ್ಚುಯೇಟರಿನ ಸಣ್ಣ ಕಂಬಿಯತ್ತ ಟಾರ್ಚ್ ಬಿಟ್ಟು, ಎಂಜಿನ್ ಸ್ಟಾರ್ಟ್ ಮಾಡಿಸಿದರು. ಟರ್ಬೊದೊಳಗಿನ ಎಲೆಗಳ ಕೋನವನ್ನು ತಿರುಗಿಸುವ ಆ ಕಂಬಿ, ಎಂಜಿನ್ ಹತ್ತಿದೊಡನೆ ವ್ಯಾಕ್ಯೂಮಿನ ಸೆಳೆತಕ್ಕೆ ಸರಿಯಬೇಕು. ಅದು ಮಿಸುಕಲಿಲ್ಲ. ಆ ಸೆಳೆತವನ್ನು ಡಬ್ಬಿಗೆ ಮುಟ್ಟಿಸುವ, ಪೆನ್ಸಿಲಿಗಿಂತ ಸಪುರವಾದ ರಬ್ಬರ್ ನಳಿಕೆಯೊಂದನ್ನು ಬೆರಳಲ್ಲಿ ಸವರುತ್ತಾ ಹೋದ ಅವರು ತಿರುವಿನಲ್ಲಿ ನಿಂತರು. ಕಿವಿಗೊಟ್ಟರೆ ಸಣ್ಣಗೆ ಸುಸ್ ಎನ್ನುತ್ತಿತ್ತು; ಅಲ್ಲಿ ಉಗುರಿನಷ್ಟು ಉದ್ದದ ಸೀಳು. ಬೆರಳಿಂದ ಅದನ್ನು ಅದುಮಿ ಹಿಡಿದದ್ದೇ ತಡ, ಕಂಬಿ ಸರಕ್ಕನೆ ಒಳಗೆ ಸರಿಯಿತು.

ಬೆಟ್ಟ ಅಗೆದು ಇಲಿ ಹಿಡಿದರೂ ಚಿಂತೆಯಿಲ್ಲ, ಟರ್ಬೊ ಉಳಿಯಿತಲ್ಲ ಎಂದು ನಾನು ಹಿಗ್ಗುತ್ತಿರುವಾಗಲೇ ಅವರು ನಳಿಕೆಯನ್ನು ತಿರುಗಿಸಿ ನೋಡಿದರು.

“ಇದು ತಾನಾಗಿ ಸೀಳಿದ್ದಲ್ಲ ಸಾರ್, ಜಗ್ಗಿ ಹರಿದದ್ದು. ಇತ್ತೀಚೆಗೆ ಯಾರಾದರೂ ಏರ್ ಫಿಲ್ಟರಿನ ಡಬ್ಬಿ ಬಿಚ್ಚಿದ್ದರಾ?”

ನಾನು ಬಾನೆಟ್ಟಿನ ಬಿಜಾಗರಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ. ಹಿಂದಿನ ಸೀಟಿನಿಂದ ಹೆಂಡತಿ, ಯಾರು, ಯಾವ ಭಾನುವಾರ, ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಸವಿಸ್ತಾರವಾಗಿ ಅವರಿಗೆ ತಿಳಿಸುತ್ತಿದ್ದಳು.