ಹಾಡಿನ ಹಿಂದಿನ ಕಥೆ ಹಾಡಿಗೆ ಬೇಕಾ?

ಹಾಡು ಶುರುವಾಗುವ ಮೊದಲೇ ಅದರ ಹಿಂದಿನ ಕಥೆ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. 'ಇದನ್ನು ಹಾಡುವಾಗ ಅವರು ಎಂಥಾ ದುಃಖದಲ್ಲಿದ್ದರು ಗೊತ್ತಾ', 'ಇದನ್ನು ಒಂದೇ ರಾತ್ರಿಯಲ್ಲಿ ಬರೆದರಂತೆ' ಅಂತ ಶುರು ಮಾಡುತ್ತಾರೆ. ಆಮೇಲೆ ನಾನು ಹಾಡು ಕೇಳುವುದಿಲ್ಲ, ಆ ದುಃಖ ಎಲ್ಲಿದೆ ಅಂತ ಹುಡುಕುತ್ತಾ ಕೂರುತ್ತೇನೆ. ಹಾಗಂತ, 'ಸಂಗೀತವನ್ನು ಸಂಗೀತವಾಗಿ ಮಾತ್ರ ಕೇಳಬೇಕು, ಉಳಿದದ್ದೆಲ್ಲ ಹರಟೆ' ಎನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಏನೂ ತುಂಬಿಕೊಳ್ಳದ ಖಾಲಿ ಕಿವಿ ಯಾರಿಗೂ ಇಲ್ಲ. ಹಾಡಿನ ಹೆಸರು, ಹಾಡುವವರ ಮುಖ, ಅದನ್ನು ನಮಗೆ ಕಳಿಸಿದವರು ಯಾರು ಎಂಬುದು, ಇಷ್ಟು ಸಾಕು. ಕೇಳುವ ಮೊದಲೇ ಅರ್ಧ ಅಭಿಪ್ರಾಯ ತಯಾರಾಗಿರುತ್ತದೆ.

ಹಾಗಾಗಿ ಹಿನ್ನೆಲೆ ಗೊತ್ತಿದ್ದರೆ ಕೇಳುವ ಸುಖ ಬದಲಾಗುತ್ತದಾ ಎಂದರೆ, ಖಂಡಿತ ಬದಲಾಗುತ್ತದೆ. ಅದರಲ್ಲಿ ವಾದ ಮಾಡುವಂಥದ್ದೇನೂ ಇಲ್ಲ. ನನ್ನ ತಕರಾರು ಬೇರೆ. ಕಿವಿಗೆ ಕೆಲಸ ಕೊಡುವ ಹಿನ್ನೆಲೆ ಇದೆ, ಕಿವಿಗೆ ರಜೆ ಕೊಟ್ಟು ಕಳಿಸುವ ಹಿನ್ನೆಲೆಯೂ ಇದೆ. ನಾವು ಜಾಸ್ತಿ ಹಂಚಿಕೊಳ್ಳುವುದು ಎರಡನೆಯದನ್ನು.

ಜರ್ಮನ್ ಸಂಗೀತಕಾರ ಬೇಥೋವನ್ 1801ರಲ್ಲಿ ಪಿಯಾನೋಗಾಗಿ ಬರೆದ 'ಮೂನ್‌ಲೈಟ್ ಸೊನಾಟಾ' ನೋಡಿ. ಅದನ್ನು ಕೇಳುವ ಎಲ್ಲರಿಗೂ ಬೆಳದಿಂಗಳು ಕಾಣುತ್ತದೆ. ಆದರೆ ಆ ಹೆಸರು ಬೇಥೋವನ್ ಇಟ್ಟದ್ದಲ್ಲ. ಲುಡ್ವಿಗ್ ರೆಲ್‌ಸ್ಟಾಬ್ ಎಂಬ ಜರ್ಮನ್ ವಿಮರ್ಶಕರೊಬ್ಬರು ಇದರ ಮೊದಲ ಭಾಗವನ್ನು ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದರು. ಹೆಸರು ಅಂಟಿಕೊಂಡಿತು. ತಮಾಷೆ ಏನೆಂದರೆ ಈ ಕೃತಿಗೆ ಮೂರು ಭಾಗಗಳಿವೆ. ಮೂರನೆಯದನ್ನು ಕೇಳಿದರೆ ಯಾರೋ ಪಿಯಾನೋ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ಬೆಳದಿಂಗಳಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಅದಕ್ಕೇ ಇರಬೇಕು, ತುಂಬಾ ಜನ ಮೊದಲ ಭಾಗ ಮುಗಿದ ಕೂಡಲೇ ನಿಲ್ಲಿಸಿಬಿಡುತ್ತಾರೆ. ಕಥೆಗೆ ಹೊಂದದ ಸಂಗೀತವನ್ನು ಕಥೆಯೇ ಕತ್ತರಿಸಿ ಹಾಕಿದೆ.

ಹೆಸರಿನಿಂದ ಒಳ್ಳೆಯದೂ ಆಗುತ್ತದೆ ಅನ್ನಿ. ಪೋಲೆಂಡಿನ ಪೆಂಡೆರೆಟ್ಸ್ಕಿ 52 ತಂತಿವಾದ್ಯಗಳಿಗಾಗಿ ಒಂದು ಕೃತಿ ಬರೆದರು. ಚೀರಾಟ, ಕರ್ಕಶ, ವಾದ್ಯದ ಮೈಯನ್ನೇ ತಟ್ಟುವ ಸದ್ದು. ಮೊದಲು ಅದಕ್ಕಿದ್ದ ಹೆಸರು ಬರೀ 8 ನಿಮಿಷ 37 ಸೆಕೆಂಡ್ ಎಂಬ ಅವಧಿ. ವಾದ್ಯವೃಂದ ನುಡಿಸಿದ್ದನ್ನು ಕೇಳಿದ ಮೇಲೆ ಅವರಿಗೇ ಅದರ ತೀವ್ರತೆ ತಟ್ಟಿತು. ಆಮೇಲೆ ಅದನ್ನು ಹಿರೋಶಿಮಾದಲ್ಲಿ ಅಣುಬಾಂಬಿಗೆ ಸತ್ತವರಿಗೆ ಅರ್ಪಿಸಿ, ಅವರ ಹೆಸರನ್ನೇ ಅದಕ್ಕಿಟ್ಟರು. ಅಂದರೆ ಬರೆದವರೂ ನಮ್ಮ ಹಾಗೇ, ಕೇಳಿದ ನಂತರ ಅರ್ಥ ಹುಡುಕಿದರು! ಆ ಹೆಸರು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನ ಆ ಎಂಟೂವರೆ ನಿಮಿಷ ಕೂತು ಕೇಳುತ್ತಿದ್ದರು? ಹೆಸರು ನಮಗೆ ತಾಳ್ಮೆ ಕೊಟ್ಟಿತು. ಅದು ಸಣ್ಣ ಉಪಕಾರವಲ್ಲ.

ಆದರೆ ಕಥೆ ಸುಳ್ಳಾಗಿದ್ದರೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ನನ್ನನ್ನು ಕಾಡುವ ವಿಷಯ. ಜಪಾನಿನಲ್ಲಿ ಮಮೊರು ಸಮುರಗೊಚಿ ಎಂಬವರಿದ್ದರು. ಕಿವಿ ಕೇಳಿಸದಿದ್ದರೂ ಸಂಗೀತ ಬರೆಯುವವರು ಎಂದು ಪ್ರಸಿದ್ಧರು, ಕಿವುಡಾದ ಮೇಲೂ ಬರೆದ ಬೇಥೋವನ್‌ಗೆ ಹೋಲಿಸಿ 'ಜಪಾನಿನ ಬೇಥೋವನ್' ಎಂಬ ಬಿರುದು ಬೇರೆ. ಅವರ ಹೆಸರಿನಲ್ಲಿದ್ದ ಹಿರೋಶಿಮಾ ಸಿಂಫನಿಯ ಸಿಡಿಗಳು ಭರ್ಜರಿಯಾಗಿ ಮಾರಾಟವಾದವು. 2014ರಲ್ಲಿ ತಕಾಶಿ ನೀಗಾಕಿ ಎಂಬ ಸಂಗೀತಗಾರ ಎದ್ದು ನಿಂತು, 18 ವರ್ಷಗಳಿಂದ ಅವರಿಗಾಗಿ ಬರೆದುಕೊಡುತ್ತಿದ್ದವನು ನಾನು, ಅವರಿಗೆ ಕಿವಿಯೂ ಕೇಳಿಸುತ್ತದೆ ಎಂದುಬಿಟ್ಟರು. ಮೊದಲನೆಯದನ್ನು ಸಮುರಗೊಚಿ ಒಪ್ಪಿಕೊಂಡರು. ಕಿವಿಯ ವಿಷಯದಲ್ಲಿ, ಈಚೆಗೆ ಸ್ವಲ್ಪ ಕೇಳಿಸಲು ಶುರುವಾಗಿದೆ ಎಂದರು.

ಆ ಸಿಂಫನಿಯಲ್ಲಿ ಒಂದು ಸ್ವರವೂ ಬದಲಾಗಲಿಲ್ಲ. ಆದರೂ ಸಿಡಿಗಳು ಅಂಗಡಿಗಳಿಂದ ವಾಪಸ್ ಹೋದವು. ಕೊಂಡವರ ಸಿಟ್ಟು ನ್ಯಾಯವಾದದ್ದೇ. ಅವರಿಗೆ ಮಾರಿದ್ದು ಒಬ್ಬ ಮನುಷ್ಯನ ಹೋರಾಟವನ್ನು, ಸಂಗೀತ ಅದರ ಜೊತೆಗೆ ಬಂದದ್ದು. ಅವರ ಕಣ್ಣೀರು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಕಿವುಡುತನದ ನೋವು ಆ ಸ್ವರಗಳಲ್ಲೇ ಕೇಳಿಸುತ್ತದೆ ಅಂದಿದ್ದವರು ಏನನ್ನು ಕೇಳಿದ್ದರು? ಬರೆದ ನೀಗಾಕಿ ಅವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಪಾಪ, ಅವರಿಗೆ ಹೇಳಿಕೊಳ್ಳುವಂಥ ಕಥೆ ಇರಲಿಲ್ಲ, ಅಷ್ಟೇ.

ಇನ್ನು ನನಗೆ ತುಂಬಾ ಹತ್ತಿರವಾದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ವಿಷಯಕ್ಕೆ ಬರುತ್ತೇನೆ. ಅವರ ಬಗ್ಗೆ ಯಾರು ಮಾತಾಡಿದರೂ ಮೊದಲು ಬರುವುದು ಶ್ವಾಸಕೋಶ. ಚಿಕ್ಕ ವಯಸ್ಸಿನಲ್ಲೇ ಹೆಸರು ಮಾಡಿದವರು, ಕ್ಷಯ ಬಂತು, 1948ರಲ್ಲಿ ಒಣ ಹವೆ ಹುಡುಕಿಕೊಂಡು ಮಧ್ಯಪ್ರದೇಶದ ಮಾಳವ ಸೀಮೆಯ ದೇವಾಸ್‌ಗೆ ಹೋದರು, ವರ್ಷಗಟ್ಟಲೆ ಹಾಡಲಿಲ್ಲ, ಮತ್ತೆ ಹಾಡಲು ಬಂದಾಗ ಸರಿಯಾಗಿದ್ದದ್ದು ಒಂದೇ ಶ್ವಾಸಕೋಶ. ಇದೆಲ್ಲ ನಿಜ. ಇದು ಗೊತ್ತಾದ ಮೇಲೆ ಅವರ ಗಾಯನ ಬೇರೆ ರೀತಿ ಕೇಳುತ್ತದೆ ಎಂಬುದೂ ನಿಜ. ಆ ಚಿಕ್ಕ ಚಿಕ್ಕ ತುಣುಕುಗಳು, ನಡುವಿನ ಮೌನ, ಇದ್ದಕ್ಕಿದ್ದಂತೆ ತಾರ ಸ್ಥಾಯಿಗೆ ಎಸೆದಂತೆ ಬರುವ ದನಿ. ಉಸಿರು ತೆಗೆದುಕೊಳ್ಳುವ ಜಾಗವೂ ಹಾಡಿನ ಭಾಗ ಅನ್ನಿಸಲು ಶುರುವಾಗುತ್ತದೆ.

ಆದರೆ ಅಲ್ಲಿಗೇ ನಿಂತರೆ ನಾವು ಕೇಳುವುದು ಕಾಯಿಲೆಯನ್ನು. ಅದೇ ಹಾಸಿಗೆಯ ಮೇಲೆ ನಡೆದ ಇನ್ನೊಂದು ಸಂಗತಿ ಇದೆ, ಅದನ್ನು ಹೇಳುವವರು ಕಡಿಮೆ. ಹಾಡುವಂತಿಲ್ಲದ ಆ ವರ್ಷಗಳಲ್ಲಿ ಅವರು ಮಾಳವದ ಜನಪದ ಹಾಡುಗಳನ್ನು ಕಿವಿಗೊಟ್ಟು ಕೇಳಿದರು. ಮುಂದೆ ಆ ಧುನ್‌ಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು. ಜೋಗಿಗಳು ಹಾಡುತ್ತಿದ್ದ, ರೂಪವಿಲ್ಲದ ದೇವರ ಕುರಿತಾದ ನಿರ್ಗುಣ ಪದಗಳ ಗತ್ತನ್ನು ತಮ್ಮ ಕಬೀರ ಭಜನೆಗಳಿಗೆ ತಂದರು. ಇದು ಗೊತ್ತಾದ ಮೇಲೆ ಆ ದನಿಯ ಎಸೆತ ಬರೀ ಉಸಿರಿನ ಕೊರತೆ ಅನ್ನಿಸುವುದಿಲ್ಲ. ಬಯಲಿನಲ್ಲಿ ನಿಂತು ಹಾಡುವವರ ದನಿ ಅದರಲ್ಲಿ ಕೇಳತೊಡಗುತ್ತದೆ. ಒಬ್ಬರೇ ಗಾಯಕರು, ಒಂದೇ ಕಾಲ, ಎರಡು ಹಿನ್ನೆಲೆ. ಮೊದಲನೆಯದು ಕೇಳಿ ಅಯ್ಯೋ ಅನ್ನಿಸಿತು. ಎರಡನೆಯದು ಕೇಳಿ ಅದೇ ಧ್ವನಿಮುದ್ರಣವನ್ನು ಮತ್ತೆ ಹಾಕಿದೆ.

ರಾಗದ ತಿಳಿವಳಿಕೆಯೂ ಹಿನ್ನೆಲೆಯೇ ಅಲ್ವಾ? ಮಾರವಾ ರಾಗದಲ್ಲಿ ಆಧಾರ ಸ್ವರವಾದ ಷಡ್ಜವನ್ನು ಬೇಕೆಂದೇ ದೂರ ಇಡುತ್ತಾರೆ. ಕೋಮಲ ರಿಷಭ ಮತ್ತು ಶುದ್ಧ ಧೈವತದ ಸುತ್ತಲೇ ಓಡಾಡುತ್ತಾರೆ. ಗೊತ್ತಿಲ್ಲದವರಿಗೂ ಒಂದು ಥರದ ಚಡಪಡಿಕೆ ತಟ್ಟೇ ತಟ್ಟುತ್ತದೆ. ಗೊತ್ತಿದ್ದವರಿಗೆ ಆ ಷಡ್ಜಕ್ಕಾಗಿ ಕಾಯುವ ಸುಖ ಸಿಗುತ್ತದೆ. ಕೊನೆಗೂ ಅದು ಬಂದಾಗ ನಿಟ್ಟುಸಿರು. ಪೂರಿಯಾ ರಾಗದಲ್ಲೂ ಇವೇ ಸ್ವರಗಳು, ಆದರೆ ಗಾಂಧಾರ, ನಿಷಾದಕ್ಕೆ ಒತ್ತು ಬಿದ್ದ ಕೂಡಲೇ ಲೋಕವೇ ಬೇರೆ. ಇಂಥ ತಿಳಿವಳಿಕೆ ಸುಖ ಹೆಚ್ಚಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. (ಕಛೇರಿಯಲ್ಲಿ ಪಕ್ಕ ಕೂತು 'ಯಾವ ರಾಗ ಹೇಳಿ ನೋಡೋಣ' ಎಂದು ಪಿಸುಗುಡುವವರನ್ನು ಮಾತ್ರ ಇದರಿಂದ ಬಿಟ್ಟಿದ್ದೇನೆ. ಅವರು ಕೇಳಲು ಬಂದವರಲ್ಲ, ಪರೀಕ್ಷೆ ಮಾಡಲು ಬಂದವರು.)

ನನ್ನ ಅಭ್ಯಾಸ ಹೀಗಿದೆ. ಹೊಸದೇನಾದರೂ ಸಿಕ್ಕರೆ ಮೊದಲು ಸುಮ್ನೆ ಕೇಳುತ್ತೇನೆ. ಆಮೇಲೆ ಓದುತ್ತೇನೆ. ಮತ್ತೆ ಕೇಳುತ್ತೇನೆ. ಓದಿದ್ದರಿಂದ, ಮೊದಲ ಸಲ ಕಿವಿ ತಪ್ಪಿಸಿಕೊಂಡಿದ್ದ ಏನಾದರೂ ಈಗ ಕೇಳಿಸಿ, 'ನೋಡಿ, ಇಲ್ಲಿದೆ' ಅಂತ ಬೆರಳಿಟ್ಟು ತೋರಿಸಲು ಆದರೆ ಆ ಕಥೆ ಸಂಗೀತಕ್ಕೆ ಸೇರಿದ್ದು. ಇಲ್ಲದಿದ್ದರೆ ಅದು ಒಳ್ಳೆಯ ಕಥೆ, ಬೇರೆ ಸಮಯದಲ್ಲಿ ಹೇಳಿಕೊಳ್ಳೋಣ.

ಈ ಅಳತೆ ಸೋಲುವ ಜಾಗವೂ ಇದೆ. ಜರ್ಮನ್ ಸಂಗೀತಕಾರ ವಾಗ್ನರ್ 1850ರಲ್ಲಿ ಯಹೂದಿಗಳ ವಿರುದ್ಧ ವಿಷ ಕಾರುವ ಪ್ರಬಂಧ ಬರೆದವರು. ಮುಂದೆ ಅವರ ಸಂಗೀತವನ್ನು ನಾಜಿಗಳು ತಲೆ ಮೇಲೆ ಹೊತ್ತರು. ಇಸ್ರೇಲಿನ ವಾದ್ಯವೃಂದಗಳು ಸಾಮಾನ್ಯವಾಗಿ ಅದನ್ನು ನುಡಿಸುವುದಿಲ್ಲ. ಕಾನೂನಿಲ್ಲ, ರೂಢಿ ಅಷ್ಟೇ. 2001ರಲ್ಲಿ ಬರ್ಲಿನ್‌ನ ವಾದ್ಯವೃಂದದೊಂದಿಗೆ ಜೆರುಸಲೇಮ್‌ಗೆ ಬಂದಿದ್ದ ಅದರ ನಿರ್ದೇಶಕ ಡೇನಿಯಲ್ ಬ್ಯಾರೆನ್‌ಬೋಯ್ಮ್, ಕಾರ್ಯಕ್ರಮ ಮುಗಿದ ಮೇಲೆ ವಾಗ್ನರ್ ನುಡಿಸಬಹುದಾ ಎಂದು ಸಭಿಕರನ್ನೇ ಕೇಳಿದರು. ಅರ್ಧ ಗಂಟೆ ವಾದ ನಡೆಯಿತು. ಕೆಲವರು ಕೂಗಾಡಿ ಎದ್ದು ಹೋದರು. ಉಳಿದವರು ಕೂತು ಕೇಳಿ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಪ್ರಬಂಧದ ಒಂದು ಸಾಲನ್ನೂ ಅವತ್ತಿನ ಸ್ವರಗಳಲ್ಲಿ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ನನ್ನ ಲೆಕ್ಕದ ಪ್ರಕಾರ ಎದ್ದು ಹೋದವರು ಕಥೆಗೆ ಜಾಸ್ತಿ ಬೆಲೆ ಕೊಟ್ಟವರು. ಆದರೆ ಅವರಿಗೆ ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನು ಅಲ್ಲಿದ್ದಿದ್ದರೆ ಕೂತಿರುತ್ತಿದ್ದೆ, ಅದು ಗೊತ್ತು. ನನಗೆ ಆ ಹಿನ್ನೆಲೆ ಪುಸ್ತಕದಿಂದ ಬಂದದ್ದು, ಅವರಲ್ಲಿ ಕೆಲವರಿಗೆ ಮನೆಯಿಂದ.