ಜಗತ್ತನ್ನು ಜೋಡಿಸುತ್ತೇವೆ, ಎಸ್‌.ಎಸ್‌. ಪುರಂಗೆ ಬನ್ನಿ

ನಮ್ಮ ಅಕ್ಕನ ಮಗ ತುಮಕೂರಿನಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಪ್ರಾಜೆಕ್ಟ್ ಅಂತ ನಾಲ್ಕು ಜನ ಸೇರಿ ಸೋಷಿಯಲ್ ನೆಟ್‌ವರ್ಕಿಂಗ್ ಆಪ್ ಕಟ್ಟುತ್ತಿದ್ದಾರೆ. ಫೇಸ್‌ಬುಕ್ ಇದೆಯಲ್ಲೋ ಅಂದೆ. "ಅದೂ 2004ರಲ್ಲಿ ಹಾಸ್ಟೆಲ್ ರೂಮಲ್ಲೇ ಶುರುವಾಗಿದ್ದು ಮಾವ" ಅಂದ. ಆ ಹಾಸ್ಟೆಲ್ ಹಾರ್ವರ್ಡ್‌ನದು ಅಂತ ನಾನು ನೆನಪಿಸಲಿಲ್ಲ. ಇಲ್ಲೇ 70 ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ ಹುಟ್ಟಿದ, ಟ್ವಿಟರ್‌ನಂಥ 'ಕೂ' ಆಪ್ 2024ರಲ್ಲಿ ಬಾಗಿಲು ಹಾಕಿದ್ದನ್ನೂ ಹೇಳಲಿಲ್ಲ. ಹುಡುಗರ ಹುರುಪಿಗೆ ಸುಮ್ನೆ ತಣ್ಣೀರು ಯಾಕೆ?

ಇನ್‌ಸ್ಟಾಗ್ರಾಮನ್ನು ಫೇಸ್‌ಬುಕ್ 2012ರಲ್ಲಿ 100 ಕೋಟಿ ಡಾಲರ್‌ಗೆ ಕೊಂಡಾಗ ಅಲ್ಲಿದ್ದದ್ದು 13 ಜನ. ಇಲ್ಲಿರೋದು ನಾಲ್ಕೇ ಜನ. ಹಾಗಾಗಿ ತಲೆಗೆ ಜಾಸ್ತಿ ಬೀಳುತ್ತೆ ಅನ್ನೋದು ಇವರ ಲೆಕ್ಕ. ಪಾಲಿನ ಜಗಳ ಆಗಲೇ ಮುಗಿದಿದೆ. ಲಾಗಿನ್ ಪುಟ ಇನ್ನೂ ಆಗಿಲ್ಲ.

ಕೆಲಸ ಹಂಚಿಕೊಂಡಿದ್ದಾರೆ. ಒಬ್ಬ ಕೋಡ್ ಬರೆಯುತ್ತಾನೆ. ಒಬ್ಬಳು ಪಿಪಿಟಿ ಮಾಡುತ್ತಾಳೆ. ಇನ್ನೊಬ್ಬ ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗ್ ಮಾಡಿಸುತ್ತಾನೆ. ನಾಲ್ಕನೆಯವನು, ಅಂದರೆ ನಮ್ಮವನು, ಟೀಮ್ ಲೀಡರ್. ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ತರುತ್ತಾನೆ. (ತಂಡದಲ್ಲಿ ನಿಜಕ್ಕೂ ದುಡಿಯುವ ಎರಡನೆಯವನು ಇವನೇ ಅಂತ ನನಗೆ ಅನುಮಾನ.)

ಒಂದೇ ಕೋಡಿಗೆ ಹತ್ತಾರು ಜನ ಕೈಹಾಕಿದರೂ ಕಲಸುಮೇಲೋಗರ ಆಗಬಾರದು ಅಂತಲೇ ಲಿನಕ್ಸ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಅನ್ನೋ ತಂತ್ರಾಂಶ ಮಾಡಿಕೊಟ್ಟ. ಇವರ ಪಿಪಿಟಿಯಲ್ಲಿ ಗಿಟ್‌ಗೆ ಒಂದು ಸ್ಲೈಡೇ ಇದೆ. ಕೋಡ್ ಮಾತ್ರ ಜಿಪ್ ಫೈಲಾಗಿ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. 'ಫೈನಲ್', ಆಮೇಲೆ 'ಹೊಸ ಫೈನಲ್', ಆಮೇಲೆ 'ದೇವರಾಣೆ ಫೈನಲ್'. ಒಮ್ಮೆ ಯಾರೋ ಹಳೇ ಫೈಲಿನಲ್ಲಿ ಬಟನ್ನಿನ ಬಣ್ಣ ಬದಲಿಸಿ ಕಳಿಸಿದರು. ಬಣ್ಣ ಬಂತು, ಕಾಮೆಂಟ್ ಹಾಕುವ ಜಾಗವೇ ಹೋಯಿತು. ಜನರನ್ನು ಹತ್ತಿರ ತರಲು ಹೊರಟ ನಾಲ್ವರೂ ಮೂರು ದಿನ ಮಾತು ಬಿಟ್ಟರು.

ನಾನೂ ಸೇರುತ್ತೇನೆ, ಲಿಂಕ್ ಕಳಿಸೋ ಅಂದೆ. "ಲೋಕಲ್‌ಹೋಸ್ಟ್ ಮಾವ" ಅಂದ. ಅಂದರೆ ಆಪ್ ಇರೋದು ಒಂದೇ ಲ್ಯಾಪ್‌ಟಾಪಿನಲ್ಲಿ, ಲ್ಯಾಪ್‌ಟಾಪ್ ಇರೋದು ಎಸ್‌.ಎಸ್‌. ಪುರಂನ ರೂಮಿನಲ್ಲಿ. ಆಟೋ ಹಿಡಿದು ಹೋದೆ. ಮೂರನೇ ಮಹಡಿ. ಚಪ್ಪಲಿ ಬಿಟ್ಟು, ಚಾಪೆ ಮೇಲೆ ಕೂತು ಖಾತೆ ತೆರೆದೆ. ಏಳನೇ ಸದಸ್ಯ ನಾನು. ಮೊದಲಿನ ಆರರಲ್ಲಿ ಐದು ಜನರ ಹೆಸರು 'ಟೆಸ್ಟ್'. ಕೋಡ್ ಬರೆಯುವ ಹುಡುಗ ಹೆಮ್ಮೆಯಿಂದ ಡೇಟಾಬೇಸ್ ತೆರೆದು ತೋರಿಸಿದ. ನನ್ನ ಹೆಸರು, ಪಕ್ಕದಲ್ಲೇ ನನ್ನ ಪಾಸ್‌ವರ್ಡ್, ಕನ್ನಡಕ ಇಲ್ಲದೆಯೂ ಓದಬಹುದು. ಹ್ಯಾಶ್ ಮಾಡಿ, ಯಾರಿಗೂ ತಿಳಿಯದ ಹಾಗೆ ಇಡಬೇಕಲ್ಲಪ್ಪಾ ಅಂದೆ. "ಅದು ಫ್ಯೂಚರ್ ಸ್ಕೋಪ್‌ನಲ್ಲಿದೆ ಅಂಕಲ್" ಅಂದ.

ಇಷ್ಟರಲ್ಲಿ ಕಾಲೇಜಿನವರಿಗೆ ಸುದ್ದಿ ಮುಟ್ಟಿತು. ಕ್ಯಾಂಪಸ್ಸಿನಲ್ಲಿ ಮೊಬೈಲ್ ಕಂಡರೆ ಕಿತ್ತುಕೊಳ್ಳುವ ಕಾಲೇಜು ಅದು. ಆದರೂ ಆಪ್‌ಗೆ ಲೋಕಾರ್ಪಣೆ ಆಗಲೇಬೇಕು ಅಂದರು. ಫ್ಲೆಕ್ಸ್ ಬಂತು. ಒಂಬತ್ತು ಅತಿಥಿಗಳ ಫೋಟೊ, ಕೆಳಗೆ ಆಧಾರ್ ಕಾರ್ಡಿನ ಅಳತೆಯಲ್ಲಿ ನಾಲ್ಕು ಮಕ್ಕಳದ್ದು. ಪ್ರಾರ್ಥನೆ, ದೀಪ, ಸ್ವಾಗತ, ಸ್ವಾಗತಿಸಿದವರಿಗೆ ಸ್ವಾಗತ. ಎರಡು ಗಂಟೆ ತಡವಾಗಿ ಬಂದ ಮುಖ್ಯ ಅತಿಥಿಗಳು ಎಂಟರ್ ಒತ್ತಿದರು.

ಅಷ್ಟರಲ್ಲಿ ಲ್ಯಾಪ್‌ಟಾಪ್ ನಿದ್ದೆ ಹೋಗಿತ್ತು. ಪರದೆ ಮೇಲೆ ಪಾಸ್‌ವರ್ಡ್ ಕೇಳಿತು. ಊರವರ ಪಾಸ್‌ವರ್ಡನ್ನೆಲ್ಲ ಬಯಲಿಗಿಟ್ಟ ತಂಡಕ್ಕೆ ಅದೊಂದು ಮಾತ್ರ ಗೊತ್ತಿಲ್ಲ. ಗೊತ್ತಿದ್ದ ಹುಡುಗನನ್ನು, ಹಾರ ಒಂದು ಕಡಿಮೆ ಬಿತ್ತು ಅಂತ, ಹೂವಿನ ಅಂಗಡಿಗೆ ಓಡಿಸಿದ್ದರು.

"ಜೋರಾದ ಚಪ್ಪಾಳೆ!" ಅಂದರು ನಿರೂಪಕರು. ಚಪ್ಪಾಳೆ ಬಿತ್ತು. ಫೋಟೊಗಳು ಎಲ್ಲರ ವಾಟ್ಸಾಪ್ ಸ್ಟೇಟಸ್ಸಿಗೆ ಹೋದವು. ಫ್ಲೆಕ್ಸನ್ನು ಅಕ್ಕ ತಿಪಟೂರಿಗೆ ಒಯ್ದು ತೆಂಗಿನ ಮಟ್ಟೆ ರಾಶಿಗೆ ಹೊದಿಸಿದ್ದಾಳೆ. ಮಳೆಗೆ ಚೆನ್ನಾಗಿ ತಡೆಯುತ್ತಂತೆ.